ಹಿತ್ತಲಿನಲ್ಲಿ ವಸಂತ: ಹೂವು ಕಾಯಾಗುವ ಹೊತ್ತು

ಮಕ್ಕಳೇ,

ಯುಗಾದಿಯ ದಿನ ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟುತ್ತೇವೆ. ಬೇವಿನ ಹೂವನ್ನು ಬೆಲ್ಲದೊಂದಿಗೆ ತಿನ್ನುತ್ತೇವೆ. ಅಂದು ಮನೆಯ ಹಿಂದಿನ ಹಿತ್ತಲಿಗೂ ಒಮ್ಮೆ ಹೋಗಿ ನೋಡಿ. ಮಾವಿನ ಮರದಲ್ಲಿ ಪುಟ್ಟ ಪುಟ್ಟ ಮಿಡಿಗಳಿರುತ್ತವೆ. ನುಗ್ಗೆ ಮರ ಬಿಳಿ ಹೂ ಹೊತ್ತಿರುತ್ತದೆ. ಚಪ್ಪರದ ಮೇಲೆ ಹೀರೆ, ಹಾಗಲ. ನೆಲದ ಮೇಲೆ ಕುಂಬಳ, ಸೌತೆ. ಎಲ್ಲೆಲ್ಲೂ ಹೂ! ಈಗ ತಲೆ ತಗ್ಗಿಸಿ ನೆಲವನ್ನು ನೋಡಿ. ಅಲ್ಲಿಯೂ ಹೂಗಳೇ. ಮರದಿಂದ ಉದುರಿದವು, ಬಳ್ಳಿಯಿಂದ ಕಳಚಿದವು, ಕಡಲೆಕಾಳಿನಷ್ಟಿರುವಾಗಲೇ ಬಿದ್ದುಹೋದ ಮಿಡಿಗಳು.

ಇಷ್ಟೊಂದು ಹೂಗಳಲ್ಲಿ ಕಾಯಾಗುವುದು ಕೆಲವೇ ಏಕೆ? ಉಳಿದವು ಏಕೆ ಉದುರುತ್ತವೆ? ಉದುರುವುದನ್ನು ನಾವು ತಪ್ಪಿಸಬಹುದೇ? ವಸಂತ ಕಾಲದಲ್ಲಿ ಹಿತ್ತಲಿನಲ್ಲಿ ಮಾಡುವ ಹೆಚ್ಚಿನ ಕೆಲಸಗಳ ಹಿಂದೆ ಈ ಮೂರು ಪ್ರಶ್ನೆಗಳಿವೆ. ಇವುಗಳಿಗೆ ಉತ್ತರ ಹುಡುಕಿದ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳುತ್ತೇನೆ.

ಕುಡಿಕೆಯಲ್ಲಿ ಉಳಿದದ್ದು ಆರೇ ಬೀಜ

ನಮ್ಮ ಅಕ್ಕನ ಮನೆ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿದೆ. ಮನೆಯ ಹಿಂದೆ ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಹಿತ್ತಲು. ಅದರಲ್ಲಿ ಒಂದು ಮಾವು, ಎರಡು ತೆಂಗು, ಒಂದು ಪಪ್ಪಾಯಿ, ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬಾಳೆ. ಪಾತಿಗಳಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ, ಬೆಂಡೆ, ದಂಟಿನ ಸೊಪ್ಪು. ಬೇಲಿಯ ಮೂಲೆಯಲ್ಲಿ ಸಿಹಿಗುಂಬಳ.

ಆ ಕುಂಬಳ ಅಂಗಡಿಯಿಂದ ತಂದ ಬೀಜದ್ದಲ್ಲ. ಅಕ್ಕನ ಅತ್ತೆ ಮದುವೆಯಾಗಿ ಬಂದಾಗ ತವರಿನಿಂದ ತಂದ ಬೀಜದ್ದು. ಕಾಯಿ ಚಿಕ್ಕದು, ತೊಗಟೆಯ ಮೇಲೆ ಬಿಳಿ ಪಟ್ಟೆ, ತಿರುಳು ಗಟ್ಟಿ. ಪ್ರತಿ ವರ್ಷ ಒಂದು ಒಳ್ಳೆಯ ಕಾಯನ್ನು ಬೀಜಕ್ಕೆಂದು ಉಳಿಸಿ, ಬೂದಿ ಬೆರೆಸಿ, ಮಣ್ಣಿನ ಕುಡಿಕೆಯಲ್ಲಿಡುವುದು ಅಜ್ಜಿಯ ಪದ್ಧತಿ. ಆದರೆ ಎರಡು ವರ್ಷದಿಂದ ಏನೋ ತೊಂದರೆ. ಒಂದು ವರ್ಷ ಬಾವಿ ಬತ್ತಿ ಬಳ್ಳಿಗಳು ಒಣಗಿದವು. ಮರುವರ್ಷ ಬಳ್ಳಿ ಹುಲುಸಾಗಿ ಬೆಳೆದು ಹೂ ಬಿಟ್ಟರೂ ಒಂದು ಕಾಯಿಯೂ ನಿಲ್ಲಲಿಲ್ಲ. ಕುಡಿಕೆಯಲ್ಲಿ ಉಳಿದದ್ದು ಆರು ಬೀಜ ಮಾತ್ರ.

'ಇಟ್ಟುಕೊಂಡರಾಯಿತು, ಬೀಜ ಎಲ್ಲಿಗೆ ಹೋಗುತ್ತದೆ?' ಎಂದು ನಿಮಗನ್ನಿಸಬಹುದು. ಬೀಜ ಕಲ್ಲಲ್ಲ. ಅದರೊಳಗೆ ಒಂದು ಪುಟ್ಟ ಭ್ರೂಣವಿದೆ, ಅದಕ್ಕೆ ಬೇಕಾದ ಆಹಾರವೂ ಇದೆ. ಕುಡಿಕೆಯಲ್ಲಿ ಕುಳಿತಾಗಲೂ ಅದು ಬಹಳ ನಿಧಾನವಾಗಿ ಉಸಿರಾಡುತ್ತಿರುತ್ತದೆ. ತೇವ ಮತ್ತು ಶಾಖ ಹೆಚ್ಚಾದಷ್ಟೂ ಉಸಿರಾಟ ಹೆಚ್ಚುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ಅಜ್ಜಿ ಬೂದಿ ಬೆರೆಸುವುದು ತೇವ ಹೀರಲಿ, ಹುಳು ಬರದಿರಲಿ ಎಂದು. ಆದರೂ ವರ್ಷ ಕಳೆದಂತೆ ಮೊಳೆಯುವ ಬೀಜಗಳ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಆದ್ದರಿಂದ ಅಜ್ಜಿಗೆ ಆತುರವಿತ್ತು. ಸಂಕ್ರಾಂತಿ ಕಳೆದ ಮೇಲೆ ನಾಲ್ಕು ಬೀಜ ಬಿತ್ತಿದರು. ಎರಡನ್ನು ಕುಡಿಕೆಯಲ್ಲೇ ಇಟ್ಟರು. ಬಿತ್ತಿದ ನಾಲ್ಕರಲ್ಲಿ ಮೂರು ಮೊಳೆತವು.

ಮೊದಲ ಕೆಲಸ: ನೀರನ್ನು ಉಳಿಸುವುದು

ಶಿವರಾತ್ರಿ ದಾಟಿದರೆ ಬಯಲುಸೀಮೆಯಲ್ಲಿ ಬಿಸಿಲು ಏರುತ್ತದೆ. ನೆಲದ ತೇವ ಬೇಗ ಆವಿಯಾಗುತ್ತದೆ. ನೀರು ಸಾಲದಾದಾಗ ಗಿಡ ತನ್ನನ್ನು ಉಳಿಸಿಕೊಳ್ಳಲು ಮೊದಲು ಕೈಬಿಡುವುದು ಹೂ ಮತ್ತು ಎಳೆಗಾಯಿಗಳನ್ನು. ಆದ್ದರಿಂದ ಹೂ ಉಳಿಯಬೇಕಾದರೆ ಮೊದಲು ಬೇರಿಗೆ ನೀರು ಸಿಗಬೇಕು. ಅಕ್ಕನ ಮನೆಯ ಮಕ್ಕಳು, ಏಳನೆಯ ತರಗತಿಯ ಹುಡುಗಿ ಮತ್ತು ಐದನೆಯ ತರಗತಿಯ ಹುಡುಗ, ಮೂರು ಕೆಲಸ ಮಾಡಿದರು.

ಹೊದಿಕೆ: ಮಾವಿನ ಒಣ ಎಲೆ, ಹುಲ್ಲು, ಅವರೆ ಹೊಟ್ಟುಗಳನ್ನು ಗಿಡದ ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹರಡಿದರು. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಟ್ಟರು. ಬಿಸಿಲು ನೇರವಾಗಿ ಮಣ್ಣಿಗೆ ಬೀಳದ್ದರಿಂದ ತೇವ ಉಳಿಯಿತು. ಕಳೆಯೂ ಕಡಿಮೆಯಾಯಿತು.

ಮಡಕೆ ನೀರು: ಸುಟ್ಟ ಮಣ್ಣಿನ ಹಳೆಯ ಮಡಕೆಯನ್ನು ಕುಂಬಳದ ಮಡಿಯ ನಡುವೆ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿದರು. ಮಡಕೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಸುತ್ತಲಿನ ಮಣ್ಣು ಒಣಗಿದಂತೆ ನೀರು ಜಿನುಗುತ್ತದೆ. ಮಣ್ಣು ತೇವವಾಗಿದ್ದರೆ ಜಿನುಗುವುದು ನಿಧಾನವಾಗುತ್ತದೆ. ಬೇರು ಮಡಕೆಯನ್ನು ತಬ್ಬಿಕೊಂಡು ಬೆಳೆಯುತ್ತದೆ.

ಸಂಜೆಯ ನೀರು: ನೀರು ಹಾಕುವ ಹೊತ್ತನ್ನು ಸಂಜೆಗೆ ಬದಲಿಸಿದರು. ರಾತ್ರಿಯಿಡೀ ಬೇರಿಗೆ ಹೀರಲು ಸಮಯ ಸಿಗುತ್ತದೆ. ಮಧ್ಯಾಹ್ನ ಹಾಕಿದರೆ ಬಹಳಷ್ಟು ಗಾಳಿಯ ಪಾಲಾಗುತ್ತದೆ. ಸೋಪು ಬೆರೆತ ಬಚ್ಚಲ ನೀರನ್ನು ಬಾಳೆಗೆ ಮಾತ್ರ ಬಿಟ್ಟರು, ಸೊಪ್ಪಿನ ಮಡಿಗೆ ಬಿಡಲಿಲ್ಲ.

ಹೂ ತುಂಬ, ಕಾಯಿ ಇಲ್ಲ

ಯುಗಾದಿಗೆ ನಾನು ಹೋದಾಗ ಬಳ್ಳಿ ಬೇಲಿಯುದ್ದಕ್ಕೂ ಹಬ್ಬಿತ್ತು. ಬೆಳಿಗ್ಗೆ ದೊಡ್ಡ ದೊಡ್ಡ ಹಳದಿ ಹೂಗಳು. ಆದರೆ ಅಜ್ಜಿಯ ಮುಖ ಸಪ್ಪಗಿತ್ತು. 'ಹೋದ ವರ್ಷವೂ ಹೀಗೆಯೇ. ಹೂ ಬಿಡುತ್ತದೆ, ಉದುರುತ್ತದೆ' ಎಂದರು.

ಹುಡುಗ ಒಂದು ನೋಟ್ ಪುಸ್ತಕ ತಂದು ತೋರಿಸಿದ. ದಿನವೂ ಎಷ್ಟು ಹೂ ಅರಳಿತು, ಎಷ್ಟು ಉದುರಿತು ಎಂದು ಬರೆದಿಟ್ಟಿದ್ದ. ಮೊದಲ ಹತ್ತು ದಿನ ಅರಳಿದ್ದೆಲ್ಲ ಉದುರಿತ್ತು. ಒಂದೂ ನಿಂತಿರಲಿಲ್ಲ.

'ಅದಕ್ಕೆ ಗಾಬರಿ ಬೇಡ' ಎಂದು ನಾನು ಹೇಳಿದೆ. ಏಕೆಂದರೆ ಆ ಹತ್ತು ದಿನ ಅರಳಿದ್ದು ಬರೀ ಗಂಡು ಹೂ.

ನೀವು ಪಾಠದಲ್ಲಿ ಹೂವಿನ ಭಾಗಗಳನ್ನು ಓದಿದ್ದೀರಿ. ದಾಸವಾಳದಲ್ಲಿ ಕೇಸರವೂ ಶಲಾಕೆಯೂ ಒಂದೇ ಹೂವಿನಲ್ಲಿರುತ್ತವೆ. ಅದು ದ್ವಿಲಿಂಗ ಪುಷ್ಪ. ಕುಂಬಳದಲ್ಲಿ ಹಾಗಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಇವು ಏಕಲಿಂಗ ಪುಷ್ಪಗಳು. ಗುರುತಿಸುವುದು ಸುಲಭ.

ಗಂಡು ಹೂವಿಗೆ ಉದ್ದನೆಯ ತೆಳು ತೊಟ್ಟು. ನಡುವೆ ಹಳದಿ ಪುಡಿ ಅಂಟಿದ ಒಂದೇ ಕಂಬ. ಆ ಪುಡಿಯೇ ಪರಾಗ.

ಹೆಣ್ಣು ಹೂವಿನ ತೊಟ್ಟು ಗಿಡ್ಡ. ದಳಗಳ ಕೆಳಗೆ ಗೋಲಿಯಂತಹ ಪುಟ್ಟ ಕುಂಬಳಕಾಯಿ! ಅದೇ ಅಂಡಾಶಯ. ನಡುವೆ ಅಂಟಂಟಾದ, ಹೋಳು ಹೋಳಾಗಿರುವ ಶಲಾಕಾಗ್ರ.

ಕುಂಬಳದಲ್ಲಿ ಗಂಡು ಹೂಗಳು ಮೊದಲು ಬರುತ್ತವೆ, ಸಂಖ್ಯೆಯೂ ಹೆಚ್ಚು. ಬಿಸಿಲು ಏರಿದಂತೆ, ಸಾರಜನಕದ ಗೊಬ್ಬರ ಅತಿಯಾದಂತೆ ಗಂಡು ಹೂಗಳು ಇನ್ನೂ ಹೆಚ್ಚುತ್ತವೆ. ಗಂಡು ಹೂ ಒಂದು ದಿನ ಅರಳಿ ಉದುರುವುದು ಸಹಜ. ಅದು ರೋಗವಲ್ಲ.

ಗಿಡಗಳಲ್ಲಿಯೂ ಗಂಡು, ಹೆಣ್ಣು ಉಂಟು ಎಂಬುದನ್ನು ಪ್ರಯೋಗದಿಂದ ತೋರಿಸಿದವರು ಜರ್ಮನಿಯ ಟ್ಯೂಬಿಂಗೆನ್ ನಗರದ ರುಡಾಲ್ಫ್ ಕ್ಯಾಮೆರೇರಿಯಸ್. 1694ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಅವರು ಬಳಸಿದ ಗಿಡಗಳಲ್ಲಿ ಒಂದು ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಹರಳು. ಹರಳಿನ ಗೊನೆಯಲ್ಲಿ ಮೇಲೆ ಹೆಣ್ಣು ಹೂ, ಕೆಳಗೆ ಗಂಡು ಹೂ. ಅವರು ಗಂಡು ಹೂಗಳನ್ನು ಅರಳುವ ಮೊದಲೇ ಕಿತ್ತುಹಾಕಿದರು. ಆ ಗಿಡದಲ್ಲಿ ಬಲಿತ ಬೀಜ ಆಗಲೇ ಇಲ್ಲ. ನೋಡಿ, ಎಷ್ಟು ಸರಳ ಪ್ರಯೋಗ!

ಜೇನು ಎಲ್ಲಿ ಹೋಯಿತು?

ಗಂಡು ಹೂ ಉದುರಿದ್ದಕ್ಕೆ ಕಾರಣ ಸಿಕ್ಕಿತು. ಆದರೆ ಹುಡುಗನ ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. 'ಪುಟ್ಟ ಕಾಯಿ ಇರುವ ಹೂ: 2. ಎರಡೂ ಹಳದಿಯಾಗಿ ಬಿದ್ದವು.' ಅವು ಹೆಣ್ಣು ಹೂ. ಅವೇಕೆ ಬಿದ್ದವು?

ಹೆಣ್ಣು ಹೂವಿನ ಅಂಡಾಶಯದಲ್ಲಿ ನೂರಾರು ಅಂಡಕಗಳಿರುತ್ತವೆ. ಪರಾಗವು ಶಲಾಕಾಗ್ರದ ಮೇಲೆ ಬಿದ್ದರೆ ಅದರಿಂದ ಒಂದು ಸೂಕ್ಷ್ಮ ನಾಳ ಮೊಳೆತು ಅಂಡಕದವರೆಗೆ ಇಳಿಯುತ್ತದೆ. ಅಲ್ಲಿ ನಿಷೇಚನ ನಡೆಯುತ್ತದೆ. ಆ ಅಂಡಕ ಬೀಜವಾಗುತ್ತದೆ. ಒಂದು ಬೀಜಕ್ಕೆ ಒಂದು ಪರಾಗಕಣ ಬೇಕು. ಬೀಜಗಳು ಬೆಳೆಯತೊಡಗಿದರೆ ಅವುಗಳಿಂದ ಹೊರಡುವ ರಾಸಾಯನಿಕಗಳು ಅಂಡಾಶಯ ಹಿಗ್ಗುವಂತೆ ಮಾಡುತ್ತವೆ. ಪರಾಗ ಬಾರದಿದ್ದರೆ ಈ ಸೂಚನೆ ಸಿಗುವುದಿಲ್ಲ. ಗಿಡ ಆ ಮಿಡಿಯನ್ನು ಕಳಚಿಬಿಡುತ್ತದೆ. ಪರಾಗ ಸ್ವಲ್ಪವೇ ಬಂದರೆ ಕಾಯಿ ಸೊಟ್ಟಗಾಗುತ್ತದೆ.

ಕುಂಬಳದ ಪರಾಗ ತೂಕದ್ದು, ಅಂಟಾದದ್ದು. ಜೋಳದ ಪರಾಗದಂತೆ ಗಾಳಿಯಲ್ಲಿ ತೇಲಿ ಹೋಗದು. ಯಾರಾದರೂ ಹೊತ್ತು ಒಯ್ಯಬೇಕು. ಆ ಕೆಲಸ ಜೇನಿನದು.

ಮರುದಿನ ಬೆಳಿಗ್ಗೆ ಆರೂವರೆಯಿಂದ ಅರ್ಧ ಗಂಟೆ ನಾವು ಮೂವರೂ ಬಳ್ಳಿಯ ಮುಂದೆ ಕುಳಿತೆವು. ಎರಡು ಇರುವೆ ಬಂದವು. ಒಂದು ಜೇನೂ ಬರಲಿಲ್ಲ. 'ಹದಿನೈದು ದಿನದ ಹಿಂದೆ ಬರುತ್ತಿದ್ದವು ಮಾಮ' ಎಂದಳು ಹುಡುಗಿ.

ಆಮೇಲೆ ವಿಷಯ ತಿಳಿಯಿತು. ಎಲೆಗಳನ್ನು ತೂತು ಮಾಡುವ ಕೆಂಪು ಜೀರುಂಡೆ ಬಂದಿದೆ ಎಂದು ಭಾವ ಹೊಲಕ್ಕೆ ತಂದಿದ್ದ ಕೀಟನಾಶಕದಲ್ಲಿ ಉಳಿದದ್ದನ್ನು ಬಳ್ಳಿಗೆ ಹೊಡೆದಿದ್ದರು. ಅದೂ ಬೆಳಿಗ್ಗೆ ಎಂಟು ಗಂಟೆಗೆ, ಹೂ ಅರಳಿದ್ದಾಗ. ಕೀಟನಾಶಕಕ್ಕೆ ಜೀರುಂಡೆ ಯಾವುದು, ಜೇನು ಯಾವುದು ಎಂಬ ಭೇದ ತಿಳಿಯದು. ಹೋದ ವರ್ಷವೂ ಹೀಗೆಯೇ ಹೊಡೆದಿದ್ದರಂತೆ. ಭಾವ ಬಹಳ ಪೇಚಾಡಿಕೊಂಡರು. 'ಹುಳ ಸಾಯಿಸಿದೆ, ಕಾಯಿ ಕಳೆದೆ' ಎಂದರು.

ಅಜ್ಜಿ ಇನ್ನೊಂದು ಮಾತು ಹೇಳಿದರು. ಭಾವ ಚಿಕ್ಕವರಿದ್ದಾಗ ಹಿತ್ತಲ ಗೋಡೆಯ ಬಿರುಕಿನಲ್ಲಿ ತುಡುವೆ ಜೇನು ಇತ್ತಂತೆ. ಒಂದು ವರ್ಷ ಮರಿಗಳೆಲ್ಲ ಸತ್ತು ಗೂಡು ಖಾಲಿಯಾಯಿತಂತೆ. ಅಜ್ಜಿ ಹೇಳಿದ ಕಾಲಕ್ಕೆ ಹೊಂದುವ ಒಂದು ಘಟನೆ ಇದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಹರಡಿ, ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ನಾಶ ಮಾಡಿತು. ರೋಗ ತಡೆದುಕೊಂಡು ಉಳಿದ ಕುಟುಂಬಗಳಿಂದ ಅವು ಮತ್ತೆ ನಿಧಾನವಾಗಿ ಹೆಚ್ಚಿದವು. ಹೀಗೆ ಉಳಿದು ಬಂದ ಜೇನನ್ನು ನಾವೇ ಹಿತ್ತಲಿನಲ್ಲಿ ಕೊಲ್ಲಬಾರದಲ್ಲವೇ?

ನಾವೇ ಜೇನಾದೆವು

ಜೇನು ಮರಳಲು ಸಮಯ ಬೇಕು. ಬಳ್ಳಿ ಕಾಯುವುದಿಲ್ಲ. ಆದ್ದರಿಂದ ಪರಾಗವನ್ನು ಕೈಯಿಂದಲೇ ಮುಟ್ಟಿಸಲು ನಿರ್ಧರಿಸಿದೆವು.

ಹೀಗೆ ಕೈಯಿಂದ ಪರಾಗಸ್ಪರ್ಶ ಮಾಡಿ ಪ್ರಸಿದ್ಧನಾದ ಒಬ್ಬ ಹುಡುಗನಿದ್ದಾನೆ. ಹೆಸರು ಎಡ್ಮಂಡ್. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ. ಶಾಲೆಗೆ ಹೋದವನಲ್ಲ. ಅಲ್ಲಿಗೆ ಮೆಕ್ಸಿಕೋ ಕಡೆಯ ವೆನಿಲ್ಲಾ ಬಳ್ಳಿಯನ್ನು ತಂದಿದ್ದರು. ಹೂ ಬಿಡುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. ಅದಕ್ಕೆ ಪರಾಗ ಮುಟ್ಟಿಸುವ ಕೀಟ ಆ ದ್ವೀಪದಲ್ಲಿರಲಿಲ್ಲ. 1841ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಎಡ್ಮಂಡ್ ಒಂದು ಸಣ್ಣ ಕಡ್ಡಿಯಿಂದ ಹೂವಿನ ಒಳಗಿನ ತೆಳು ಪರದೆಯನ್ನು ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ತೋರಿಸಿದ. ಕಾಯಿ ಕಟ್ಟಿತು. ಇಂದಿಗೂ ವೆನಿಲ್ಲಾ ಬೆಳೆಗಾರರು ಇದೇ ವಿಧಾನ ಅನುಸರಿಸುತ್ತಾರೆ. ನಮ್ಮ ಮಲೆನಾಡಿನಲ್ಲಿ ವೆನಿಲ್ಲಾ ಬೆಳೆದವರೂ ಒಂದೊಂದು ಹೂವಿಗೂ ಹೀಗೆಯೇ ಪರಾಗ ಮುಟ್ಟಿಸಬೇಕಾಯಿತು. ಎಡ್ಮಂಡ್‌ಗೆ 1848ರಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಸಿಕ್ಕಿತು. ಆದರೆ ಅವನ ವಿದ್ಯೆಯಿಂದ ಬೇರೆಯವರು ಶ್ರೀಮಂತರಾದರು. ಅವನು 1880ರಲ್ಲಿ ಬಡವನಾಗಿಯೇ ತೀರಿಕೊಂಡ.

ಕುಂಬಳದ ಕೆಲಸ ವೆನಿಲ್ಲಾಕ್ಕಿಂತ ಸುಲಭ. ನಾವು ಮಾಡಿದ್ದು ಹೀಗೆ:

1. ಹಿಂದಿನ ಸಂಜೆ, ಮರುದಿನ ಅರಳಲಿರುವ ಮೊಗ್ಗುಗಳನ್ನು ಹುಡುಕಿದೆವು. ಅವುಗಳ ತುದಿ ಹಸಿರಿನಿಂದ ಹಳದಿಗೆ ತಿರುಗಿರುತ್ತದೆ. ಒಂದು ಹೆಣ್ಣು ಮೊಗ್ಗು, ಎರಡು ಗಂಡು ಮೊಗ್ಗುಗಳ ತುದಿಗೆ ದಾರ ಕಟ್ಟಿದೆವು.

2. ಬೆಳಿಗ್ಗೆ ಗಂಡು ಹೂವನ್ನು ಕಿತ್ತು, ದಳಗಳನ್ನು ಸುಲಿದು ತೆಗೆದೆವು. ಪರಾಗ ಅಂಟಿದ ಕಂಬ ಕುಂಚದಂತೆ ಉಳಿಯಿತು.

3. ಹೆಣ್ಣು ಹೂವಿನ ದಾರ ಬಿಚ್ಚಿ, ಶಲಾಕಾಗ್ರದ ಎಲ್ಲ ಹೋಳುಗಳಿಗೂ ಪರಾಗವನ್ನು ಮೆಲ್ಲಗೆ ಸವರಿದೆವು.

4. ಹೆಣ್ಣು ಹೂವಿನ ಬಾಯಿಯನ್ನು ಮತ್ತೆ ದಾರದಿಂದ ಕಟ್ಟಿ, ತೊಟ್ಟಿಗೆ ಕೆಂಪು ನೂಲು ಸುತ್ತಿ, ದಿನಾಂಕ ಬರೆದುಕೊಂಡೆವು.

ದಾರ ಕಟ್ಟುವುದು ಏಕೆ ಗೊತ್ತೇ? ಪಕ್ಕದ ಹಿತ್ತಲಿನಲ್ಲಿ ಬೇರೆ ತಳಿಯ ಸಿಹಿಗುಂಬಳವಿತ್ತು. ಅದರ ಪರಾಗವನ್ನು ಯಾವುದಾದರೂ ಕೀಟ ತಂದರೆ ಬೀಜ ಮಿಶ್ರವಾಗುತ್ತದೆ. ಈ ವರ್ಷದ ಕಾಯಿ ನೋಡಲು ಅಜ್ಜಿಯ ಕುಂಬಳದಂತೆಯೇ ಇರುತ್ತದೆ. ಅದರ ಬೀಜ ಬಿತ್ತಿದಾಗ, ಮುಂದಿನ ವರ್ಷ ವ್ಯತ್ಯಾಸ ಕಾಣುತ್ತದೆ. ಅಡುಗೆಗೆ ಮಾತ್ರ ಬೇಕಾದರೆ ದಾರ ಕಟ್ಟುವ ಅಗತ್ಯವಿಲ್ಲ.

ಮೊದಲ ಸಲ ನಾವು ಸೋತೆವು. ಹಬ್ಬದ ಮರುದಿನ ಎದ್ದದ್ದು ತಡವಾಗಿ, ಪರಾಗ ಸವರುವಾಗ ಹತ್ತು ಗಂಟೆ ದಾಟಿತ್ತು. ಕುಂಬಳದ ಹೂ ನಸುಕಿನಲ್ಲಿ ಅರಳಿ, ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಬಿಸಿಲು ಏರಿದಂತೆ ಪರಾಗದ ಶಕ್ತಿಯೂ ಕುಗ್ಗುತ್ತದೆ. ನಾಲ್ಕನೆಯ ದಿನ ಆ ಮಿಡಿ ಹಳದಿಯಾಗಿ ಬಿತ್ತು. ಅಷ್ಟರಲ್ಲಿ ಇನ್ನೆರಡು ಹೆಣ್ಣು ಹೂಗಳಿಗೆ ಆರೂವರೆಗೇ ಪರಾಗ ಸವರಿದ್ದೆವು. ನಾನು ಊರಿಗೆ ಹೊರಡುವ ದಿನ ಅವುಗಳಲ್ಲಿ ಮೊದಲನೆಯದು ನಿಂಬೆಹಣ್ಣಿನಷ್ಟು ಹಿಗ್ಗಿತ್ತು.

ಹಿತ್ತಲಿನ ಉಳಿದವರ ಕತೆ

ಎಲ್ಲ ಗಿಡಗಳೂ ಕುಂಬಳದಂತಲ್ಲ. ಯಾವುದಕ್ಕೆ ಯಾವ ಸಹಾಯ ಬೇಕು ಎಂದು ತಿಳಿದರೆ ಕೆಲಸ ಹಗುರ.

ಹೀರೆ, ಸೋರೆ, ಪಡವಲ: ಇವುಗಳಲ್ಲೂ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಆದರೆ ಇವು ಅರಳುವುದು ಸಂಜೆ. ಸೋರೆಯ ಬಿಳಿ ಹೂವಿಗೆ ರಾತ್ರಿ ಪತಂಗಗಳು ಬರುತ್ತವೆ. ಕೈಯಿಂದ ಪರಾಗ ಸವರುವುದಾದರೆ ಸಂಜೆಯೇ ಮಾಡಬೇಕು.

ಬದನೆ, ಟೊಮೆಟೊ, ಮೆಣಸಿನಕಾಯಿ: ಇವು ದ್ವಿಲಿಂಗ ಹೂಗಳು. ಹೆಚ್ಚಾಗಿ ತಮ್ಮದೇ ಪರಾಗದಿಂದ ಕಾಯಿ ಕಟ್ಟುತ್ತವೆ. ಇದು ಸ್ವಕೀಯ ಪರಾಗಸ್ಪರ್ಶ. ಬದನೆ ಮತ್ತು ಟೊಮೆಟೊ ಹೂವನ್ನು ಮೆಲ್ಲಗೆ ಅಲುಗಿಸಿದರೆ ಪರಾಗ ಚೆನ್ನಾಗಿ ಉದುರುತ್ತದೆ. ಗುಂಯ್‌ಗುಡುವ ಕಪ್ಪು ದುಂಬಿ ಮಾಡುವುದೂ ಇದನ್ನೇ. ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟೊಮೆಟೊ ಪರಾಗ ದುರ್ಬಲವಾಗಿ ಹೂ ಉದುರುತ್ತದೆ. ಮಧ್ಯಾಹ್ನ ತೆಂಗಿನ ಗರಿಯ ನೆರಳು ಕೊಟ್ಟರೆ ಅನುಕೂಲ.

ಪಪ್ಪಾಯಿ: ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ ಇರುವ ತಳಿಗಳುಂಟು. ಜೋತಾಡುವ ಉದ್ದ ಗೊಂಚಲಿನ ತುಂಬ ಸಣ್ಣ ಹೂ ಬಿಡುವುದು ಗಂಡು ಮರ. ದ್ವಿಲಿಂಗ ಹೂ ಬಿಡುವ ಮರಗಳಿರುವ ತಳಿಗಳೂ ಇವೆ. ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ಕೆ ಮಾಡಿದ ಕೂರ್ಗ್ ಹನಿ ಡ್ಯೂ ಅಂಥದ್ದು. ಅದಕ್ಕೆ ಬೇರೆ ಗಂಡು ಮರ ಬೇಡ.

ಬಾಳೆ: ನಾವು ತಿನ್ನುವ ಬಾಳೆ ಪರಾಗಸ್ಪರ್ಶವಿಲ್ಲದೆಯೇ ಕಾಯಿ ಕಟ್ಟುತ್ತದೆ. ಆದ್ದರಿಂದಲೇ ಅದರಲ್ಲಿ ಬೀಜವಿಲ್ಲ. ಅದಕ್ಕೆ ವಸಂತದ ಕೆಲಸವೆಂದರೆ ಹೆಚ್ಚಿನ ಕಂದುಗಳನ್ನು ಕಿತ್ತು ಒಂದೆರಡನ್ನು ಬಿಡುವುದು.

ಮಾವು: ಒಂದು ಗೊಂಚಲಿನಲ್ಲಿ ಸಾವಿರಕ್ಕೂ ಹೆಚ್ಚು ಹೂಗಳಿರಬಹುದು. ಅನೇಕವು ಗಂಡು ಹೂ, ಕೆಲವು ದ್ವಿಲಿಂಗ ಹೂ. ಇಲ್ಲಿ ಪರಾಗ ಹೊರುವ ಕೆಲಸದಲ್ಲಿ ನೊಣಗಳ ಪಾಲು ದೊಡ್ಡದು. ಕೊನೆಗೆ ಹಣ್ಣಾಗುವುದು ಒಂದು ಗೊಂಚಲಿಗೆ ಒಂದೋ ಎರಡೋ. ಎಲ್ಲ ಹೂವೂ ಕಾಯಾದರೆ ಅಷ್ಟಕ್ಕೂ ಆಹಾರ ಒದಗಿಸುವುದು ಎಲೆಗಳಿಗೆ ಸಾಧ್ಯವಿಲ್ಲ. ಆದ್ದರಿಂದ ಮಾವಿನ ಕೆಳಗೆ ಬಿದ್ದ ಹೂ ಕಂಡು ಚಿಂತಿಸಬೇಡಿ.

ಜೀರುಂಡೆಗೆ ಏನು ಮಾಡುವುದು?

ಕೀಟ ಬಂದಾಗ ಸುಮ್ಮನಿರಿ ಎಂದು ಯಾರೂ ಹೇಳುವುದಿಲ್ಲ. ಭಾವ ಈಗ ಬೇರೆ ದಾರಿ ಹಿಡಿದಿದ್ದಾರೆ. ನಸುಕಿನಲ್ಲಿ ಜೀರುಂಡೆಗಳು ಮಂಕಾಗಿರುತ್ತವೆ. ಆಗ ಎಲೆಯನ್ನು ಕೊಡವಿ ಸೋಪು ನೀರಿನ ಬೋಗುಣಿಗೆ ಬೀಳಿಸುತ್ತಾರೆ. ಎಳೆ ಗಿಡಗಳ ಎಲೆಗೆ ತೆಳ್ಳಗೆ ಬೂದಿ ಎರಚುತ್ತಾರೆ. ಬೇವಿನ ಬೀಜದ ಕಷಾಯ ಸಿಂಪಡಿಸಬೇಕಾದರೆ ಹೂ ಮುಚ್ಚಿದ ಮೇಲೆ, ಸಂಜೆ ಮಾತ್ರ. ಹೊಲದ ಕೀಟನಾಶಕದ ಡಬ್ಬಿ ಹಿತ್ತಲಿಗೆ ಬರುವುದಿಲ್ಲ.

ಮಕ್ಕಳೇ, ಕೀಟನಾಶಕದ ಡಬ್ಬಿಯನ್ನು, ಖಾಲಿಯಾಗಿದ್ದರೂ, ನೀವು ಎಂದೂ ಮುಟ್ಟಬೇಡಿ.

ಮುಂದೇನಾಯಿತು?

ಏಪ್ರಿಲ್ ಕೊನೆಯಲ್ಲಿ ಹುಡುಗಿ ಫೋನ್ ಮಾಡಿದಳು. ದನಿ ಸಣ್ಣಗಾಗಿತ್ತು. ಎರಡು ಕಾಯಿಗಳಲ್ಲಿ ಒಂದು ಕೊಳೆತಿತ್ತು. ಹಣ್ಣು ನೊಣ ಎಳೆಗಾಯಿಯ ಸಿಪ್ಪೆಯೊಳಗೆ ಮೊಟ್ಟೆ ಇಟ್ಟಿತ್ತು. ಒಳಗೆ ಬಿಳಿ ಮರಿಹುಳುಗಳು. ಅಂತಹ ಕಾಯನ್ನು ತಿಪ್ಪೆಗೆ ಎಸೆಯಬಾರದು. ಮರಿಹುಳುಗಳು ಮಣ್ಣಿಗಿಳಿದು ಮತ್ತೆ ನೊಣಗಳಾಗಿ ಬರುತ್ತವೆ. ಅವರು ಅದನ್ನು ಆಳವಾದ ಗುಂಡಿಯಲ್ಲಿ ಹೂತರು. ಉಳಿದ ಒಂದೇ ಕಾಯಿಗೆ ಅಜ್ಜಿಯ ಹಳೆಯ ಸೀರೆಯ ಬಟ್ಟೆಯಿಂದ ಚೀಲ ಹೊಲಿದು ತೊಡಿಸಿದರು. ಕೆಳಗೆ ಹುಲ್ಲಿನ ಸಿಂಬಿ ಇಟ್ಟರು. ಭರಣಿ ಮಳೆ ಬಿದ್ದಾಗ ನೀರು ನಿಲ್ಲದಂತೆ ಕಾಲುವೆ ತೆಗೆದರು.

ಮೇ ತಿಂಗಳ ಕೊನೆಗೆ ತೊಟ್ಟು ಒಣಗಿತು. ಉಗುರು ಒತ್ತಿದರೂ ಸಿಪ್ಪೆಗೆ ಇಳಿಯಲಿಲ್ಲ. ಅಂದರೆ ಕಾಯಿ ಬಲಿತಿದೆ. ಕಿತ್ತ ಮೇಲೂ ಅಜ್ಜಿ ಒಂದು ತಿಂಗಳು ಅಟ್ಟದ ಮೇಲಿಟ್ಟರು. ಒಳಗಿನ ಬೀಜ ಪೂರ್ತಿ ತುಂಬಿಕೊಳ್ಳಲು ಇದು ಸಹಾಯಕ. ಕೊಯ್ದ ದಿನ ಮಕ್ಕಳು ಬೀಜಗಳನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಎಣಿಸಿದರು. 284. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿದಾಗ ಒಂಬತ್ತು ಮೊಳೆತವು.

ಅಜ್ಜಿ ಎಲ್ಲವನ್ನೂ ಕುಡಿಕೆಗೆ ಹಾಕಲಿಲ್ಲ. ಇಪ್ಪತ್ತಿಪ್ಪತ್ತು ಬೀಜಗಳನ್ನು ನಾಲ್ಕು ಮನೆಗಳಿಗೆ ಕೊಟ್ಟರು. 'ಒಂದೇ ಮನೆಯಲ್ಲಿಟ್ಟು ಎರಡು ವರ್ಷ ಹೆದರಿದ್ದು ಸಾಕು. ನಮ್ಮಲ್ಲಿ ಹೋದರೆ ಅವರಲ್ಲಿ ಇರುತ್ತದೆ' ಎಂದರಂತೆ. ಇನ್ನಿಪ್ಪತ್ತು ಮಕ್ಕಳ ಶಾಲೆಯ ಕೈತೋಟಕ್ಕೆ ಹೋದವು. ಅಲ್ಲಿ ಬೆಳೆಯುವ ಕುಂಬಳ ಬಿಸಿಯೂಟದ ಸಾಂಬಾರಿಗೆ. ಹುಡುಗ ಈಗ ಬೆಳಿಗ್ಗೆ ಬಳ್ಳಿಯ ಮುಂದೆ ಕುಳಿತು ಜೇನು ಎಣಿಸುತ್ತಾನೆ. ಅವನ ಪುಸ್ತಕದ ಕೊನೆಯ ಪುಟದಲ್ಲಿ ಹೀಗಿದೆ: 'ಅರ್ಧ ಗಂಟೆಯಲ್ಲಿ ತುಡುವೆ 7, ಮಿಸ್ರಿ ಜೇನು 3.'

ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ಶಾಲೆಯ ಕೈತೋಟದ ಕುಂಬಳ, ಸೌತೆ ಅಥವಾ ಹಾಗಲ ಬಳ್ಳಿಯಲ್ಲಿ ಒಂದು ವಾರ ಗಂಡು ಹೂ, ಹೆಣ್ಣು ಹೂಗಳನ್ನು ಪ್ರತ್ಯೇಕವಾಗಿ ಎಣಿಸಿ. ಪಟ್ಟಿ ಮಾಡಿ. ಯಾವುದು ಹೆಚ್ಚು?

2. ಕುಂಬಳದ ಮೂರು ಹೆಣ್ಣು ಹೂಗಳನ್ನು ಆರಿಸಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದರ ಮೊಗ್ಗಿಗೆ ದಾರ ಕಟ್ಟಿ, ಬಿಚ್ಚಬೇಡಿ. ಮೂರನೆಯದಕ್ಕೆ ದಾರ ಕಟ್ಟಿ, ಬೆಳಿಗ್ಗೆ ಕೈಯಿಂದ ಪರಾಗ ಸವರಿ, ಮತ್ತೆ ಕಟ್ಟಿ. ಐದು ದಿನಗಳ ನಂತರ ಮೂರನ್ನೂ ಹೋಲಿಸಿ.

3. ಎರಡು ಪಾತಿಗಳಿಗೆ ಒಂದೇ ಅಳತೆಯ ನೀರು ಹಾಕಿ. ಒಂದಕ್ಕೆ ಮಾತ್ರ ಒಣ ಎಲೆ ಹೊದಿಸಿ. ಎರಡು ದಿನಗಳ ನಂತರ ಬೆರಳಿನಿಂದ ಮಣ್ಣು ಕೆದಕಿ ತೇವ ನೋಡಿ.

4. ಮನೆಯಲ್ಲಿರುವ ಯಾವುದಾದರೂ ಹಳೆಯ ತರಕಾರಿ ಬೀಜದಲ್ಲಿ ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಒಂದು ವಾರದಲ್ಲಿ ಶೇಕಡಾ ಎಷ್ಟು ಮೊಳೆತವು?

ಯೋಚಿಸಿ ಉತ್ತರಿಸಿ

1. ಕುಂಬಳದ ಬಳ್ಳಿಯಲ್ಲಿ ಮೊದಲ ಹೂಗಳೆಲ್ಲ ಉದುರಿದರೆ ಗಾಬರಿಯಾಗಬೇಕಿಲ್ಲ. ಏಕೆ?

2. ಸೋರೆ ಬಳ್ಳಿಗೆ ಬೆಳಿಗ್ಗೆ ಒಂಬತ್ತಕ್ಕೆ ಕೈಯಿಂದ ಪರಾಗ ಸವರಿದರೆ ಕಾಯಿ ಕಟ್ಟುವ ಸಾಧ್ಯತೆ ಎಷ್ಟು? ಕಾರಣ ಕೊಡಿ.

3. ಬದನೆ ಗಿಡ ಕೆಲವೊಮ್ಮೆ ಜೇನಿಲ್ಲದೆಯೂ ಕಾಯಿ ಬಿಡುತ್ತದೆ, ಕುಂಬಳ ಬಿಡುವುದಿಲ್ಲ. ವ್ಯತ್ಯಾಸವೇನು?

4. ನಿಮ್ಮ ಅಜ್ಜಿ, ತಾತ ಅಥವಾ ನೆರೆಯವರ ಬಳಿ ಅಂಗಡಿಯಲ್ಲಿ ಸಿಗದ ಯಾವುದಾದರೂ ಬೀಜವಿದೆಯೇ? ಅದರ ಹೆಸರು, ಅದು ಎಲ್ಲಿಂದ ಬಂತು, ಈಗ ಎಷ್ಟು ಉಳಿದಿದೆ ಎಂದು ಕೇಳಿ ಬರೆಯಿರಿ. ಕೆಲವೇ ಉಳಿದಿದ್ದರೆ ಈ ವರ್ಷವೇ ಅರ್ಧ ಬಿತ್ತಿ.